ಬಾಳಿನ ಗುರಿ: ಸುಖವೋ, ಸಾರ್ಥಕತೆಯೋ?

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಮಾಡಿದ ಭಾಷಣ)



ಈ ಶುಭ ಸಂದರ್ಭದಲ್ಲಿ ನಾಲ್ಕು ಮಾತುಗಳನ್ನಾಡಲು ಸಂಘದ ಕಾರ್ಯಕರ್ತರು ನನ್ನನ್ನು ಕರೆದುದು ನನ್ನ ಪಾಂಡಿತ್ಯವನ್ನು ಕಂಡಲ್ಲ. ಈ ಕಾಸರಗೋಡು ಸೀಮೆಯ ಮಕ್ಕಳಿಗೆ ಇಪ್ಪತ್ತು ವರ್ಷಗಳಿಂದ ಕನ್ನಡ ಪಾಠ ಹೇಳುತ್ತಿರುವವನೆಂಬ ಅಭಿಮಾನದಿಂದ. ವಿಷಯವನ್ನು ನಾನೇ ಆರಿಸಿಕೊಳ್ಳಬಹುದೆಂದು ಅವರು ಹೇಳಿದರು. ಹದಿನಾರು ವರ್ಷಗಳ ಹಿಂದೆ ಒಬ್ಬ ತಂದೆ ನನ್ನನ್ನು ಒಂದು ಪ್ರಶ್ನೆ ಕೇಳಿದ್ದರು. ಅದಕ್ಕೆ ಅಂದು ನಾನು ಸರಿಯಾದ ಉತ್ತರ ಕೊಡಲಾರದೆ ಹೋದೆ. ಆ ಸಾಲವನ್ನು ಇಂದು ತಮ್ಮೆಲ್ಲರ ಸಮಕ್ಷಮದಲ್ಲಿ ತೀರಿಸಲು ಯತ್ನಿಸುತ್ತೇನೆ.

ಅವರು ಬಂದುದು ಮಗನನ್ನು ಕನ್ನಡ ಮಾಧ್ಯಮದಿಂದ ಬಿಡಿಸಿ ಬೇರೆಡೆಗೆ ಸೇರಿಸುವುದಕ್ಕಾಗಿ. ಹುಡುಗ ಬುದ್ಧಿವಂತ, ಪದ್ಯವನ್ನು ರಾಗವಾಗಿ ಓದುತ್ತಿದ್ದ. ಅವನನ್ನು ಬಿಟ್ಟುಕೊಡಲು ನನಗೆ ಮನಸ್ಸಿರಲಿಲ್ಲ. ಮಾತೃಭಾಷೆಯ ಹಿರಿಮೆಯನ್ನು ಕುರಿತು ನನಗೆ ತಿಳಿದಷ್ಟನ್ನೂ ಹೇಳಿದೆ. ಅವರು ಎಲ್ಲವನ್ನೂ ತಾಳ್ಮೆಯಿಂದ ಕೇಳಿ, "ಅದೆಲ್ಲ ಸರಿ ಮಾಸ್ಟ್ರೇ, ಕನ್ನಡ ಕಲಿತರೆ ನನ್ನ ಮಗನಿಗೆ ಏನು ಸುಖ?" ಎಂದರು. ಅವರೇನೂ ಕನ್ನಡದ ವೈರಿಗಳಲ್ಲ. ಪರರ ಅಡಕೆ ತೋಟದಲ್ಲಿ ದುಡಿದು ಮೈ ಸವೆಸಿದವರು. ಮಗನಾದರೂ ಸುಖವಾಗಿರಲಿ ಎಂಬುದೇ ಅವರ ಆಸೆ. ನನ್ನ ಬಾಯಿ ಕಟ್ಟಿತು. ಅವರು ಪತ್ರವನ್ನು ಪಡೆದು, ನಮಸ್ಕರಿಸಿ ಹೊರಟುಹೋದರು.

ಆ ದಿನದಿಂದ ನಾನು ಮತ್ತೆ ಮತ್ತೆ ಯೋಚಿಸಿದ್ದೇನೆ. ಅವರಿಗೆ ಉತ್ತರ ದೊರೆಯದಿದ್ದುದು ಕನ್ನಡದ ದೋಷವೋ, ಅಥವಾ ಆ ಪ್ರಶ್ನೆಯ ಅಳತೆಗೋಲೇ ಕಿರಿದೋ? ಜಗತ್ತಿನಲ್ಲಿರುವ ಸಕಲ ವಸ್ತುಗಳನ್ನೂ 'ಇದರಿಂದ ಸುಖವೆಷ್ಟು?' ಎಂಬ ಒಂದೇ ಕೊಳಗದಿಂದ ಅಳೆಯಬಹುದೇ?

ಅಳೆಯಬಹುದೆಂದು ನಂಬಿ ಬೆಳೆದ ಒಬ್ಬ ಮಹಾಮೇಧಾವಿಯ ಕಥೆಯನ್ನು ತಮ್ಮ ಮುಂದಿಡುತ್ತೇನೆ. ಇಂಗ್ಲೆಂಡಿನ ಜಾನ್ ಸ್ಟೂಅರ್ಟ್ ಮಿಲ್ ೧೮೦೬ರಲ್ಲಿ ಹುಟ್ಟಿದವನು. ಮೂರನೆಯ ವಯಸ್ಸಿನಲ್ಲಿಯೇ ತಂದೆ ಅವನಿಗೆ ಗ್ರೀಕ್ ಭಾಷೆಯನ್ನು ಕಲಿಸಲಾರಂಭಿಸಿದನು. ಅತ್ಯಧಿಕ ಜನರ ಅತ್ಯಧಿಕ ಸುಖವೇ ಧರ್ಮದ ಮೂಲವೆಂದು ಸಾರಿದ ಬೆಂಥಮನ ತತ್ತ್ವವೇ ಆ ಬಾಲಕನಿಗೆ ಎರೆದ ಹಾಲು. ೧೮೨೬ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಅವನು ತನ್ನನ್ನು ತಾನೇ ಪ್ರಶ್ನಿಸಿಕೊಂಡನು: ನಾನು ಬಯಸುವ ಸುಧಾರಣೆಗಳೆಲ್ಲವೂ ಈ ಕ್ಷಣವೇ ಕೈಗೂಡಿದರೆ ನನಗೆ ಸಂತೋಷವಾದೀತೇ? ಒಳಗಿನಿಂದ ಬಂದ ಉತ್ತರ, ಇಲ್ಲ ಎಂಬುದು. ಅವನ ಬಾಳಿನ ಅಡಿಪಾಯವೇ ಕುಸಿಯಿತು. ತಿಂಗಳುಗಟ್ಟಲೆ ಅವನು ಕತ್ತಲೆಯಲ್ಲಿ ತೊಳಲಿದನು. ಕಾವ್ಯದ ಓದು ಅವನನ್ನು ಮೆಲ್ಲಮೆಲ್ಲನೆ ಮೇಲೆತ್ತಿತು. ೧೮೭೩ರಲ್ಲಿ ಪ್ರಕಟವಾದ ತನ್ನ ಆತ್ಮಕಥೆಯಲ್ಲಿ ಅವನು ಇದರಿಂದ ಕಲಿತ ಪಾಠವನ್ನು ಬರೆದಿಟ್ಟಿದ್ದಾನೆ. ಸುಖವು ಬೇಡವೆಂದು ಅವನು ಹೇಳಲಿಲ್ಲ. ಅದನ್ನು ನೇರವಾಗಿ ಬೆನ್ನಟ್ಟಿದವನಿಗೆ ಅದು ಸಿಕ್ಕದು. ಮತ್ತಾವುದೋ ಒಂದು ಗುರಿಯಲ್ಲಿ ಮನಸ್ಸನ್ನು ನೆಟ್ಟವನಿಗೆ ಅದು ದಾರಿಯಲ್ಲಿ ತಾನಾಗಿ ದೊರೆತೀತು ಎಂಬುದು ಅವನ ಅನುಭವ. ನಿದ್ರೆಯೂ ಹಾಗೆಯೇ ಅಲ್ಲವೇ? ನಿದ್ರಿಸಲೇಬೇಕೆಂದು ಹಠ ಹಿಡಿದವನಿಗೆ ರಾತ್ರಿಯೆಲ್ಲ ಜಾಗರಣೆಯೇ ಗತಿ.

ನಮ್ಮ ಪೂರ್ವಿಕರಿಗೆ ಈ ಮಾತು ಹೊಸತಲ್ಲ. ಕಠೋಪನಿಷತ್ತಿನಲ್ಲಿ ಬಾಲಕ ನಚಿಕೇತನು ಮರಣದ ರಹಸ್ಯವನ್ನು ಕೇಳಿದಾಗ ಯಮನು ನೂರು ವರ್ಷ ಬಾಳುವ ಮಕ್ಕಳು ಮೊಮ್ಮಕ್ಕಳನ್ನು, ಆನೆ ಕುದುರೆಗಳನ್ನು, ಹೊನ್ನನ್ನು, ವಿಶಾಲವಾದ ಭೂಮಿಯನ್ನು ಕೊಡುತ್ತೇನೆಂದನು. ಯಾವುದಕ್ಕೂ ಹುಡುಗ ಮನಸೋಲಲಿಲ್ಲ. ಆಮೇಲೆಯೇ ಯಮನು ಪ್ರೇಯಸ್ಸು ಬೇರೆ, ಶ್ರೇಯಸ್ಸು ಬೇರೆ ಎಂದು ಉಪದೇಶಿಸಿದುದು. ಪ್ರಿಯವಾದುದೂ ಹಿತವಾದುದೂ ಎರಡೂ ಮನುಷ್ಯನ ಬಳಿಗೆ ಬರುತ್ತವೆ. ಆರಿಸಿಕೊಳ್ಳುವ ಹೊಣೆ ಮಾತ್ರ ಅವನದು.

ಇದು ಋಷಿಗಳಿಗೆ ಸಲ್ಲುವ ಮಾತು, ಸಂಸಾರಿಗಳಿಗೆ ಅಲ್ಲ ಎಂದು ತಾವು ಹೇಳಬಹುದು. ಹಾಗಾದರೆ ನಮ್ಮ ಮಣ್ಣಿನ ಇಬ್ಬರು ಹಿರಿಯರನ್ನು ನೋಡೋಣ.

ಮಂಜೇಶ್ವರದ ಗೋವಿಂದ ಪೈಗಳು ೧೮೮೩ರಲ್ಲಿ ಅನುಕೂಲಸ್ಥರ ಮನೆತನದಲ್ಲಿ ಜನಿಸಿದರು. ಮದರಾಸಿನಲ್ಲಿ ಬಿ.ಎ. ಓದುತ್ತಿದ್ದಾಗ ತಂದೆಯ ಮರಣದಿಂದಾಗಿ ಪರೀಕ್ಷೆಯನ್ನು ಪೂರ್ತಿಗೊಳಿಸದೆ ಊರಿಗೆ ಮರಳಬೇಕಾಯಿತು. ಪದವಿಯಿಲ್ಲವೆಂದು ಅವರು ಕೊರಗಿ ಕುಳಿತರೇ? ಇದ್ದ ಆಸ್ತಿಯನ್ನು ಅನುಭವಿಸುತ್ತ ಹಾಯಾಗಿ ಕಾಲ ಕಳೆದರೇ? ಎರಡೂ ಅಲ್ಲ. ಕಡಲ ತೀರದ ಆ ಸಣ್ಣ ಊರಿನಲ್ಲಿ ಕುಳಿತು ಅನೇಕ ಭಾಷೆಗಳನ್ನು ಕಲಿತರು. ಶಾಸನಗಳ ಕಾಲವನ್ನು ಲೆಕ್ಕ ಹಾಕಿದರು. ಈಜಿಪ್ಟಿನ ಮರಳಿನಲ್ಲಿ ದೊರೆತ ಒಂದು ಪುರಾತನ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆಯೇ ಎಂದು ಶೋಧಿಸಿದರು. ಅವರ ನಿರ್ಣಯವನ್ನು ವಿದ್ವಾಂಸರೆಲ್ಲರೂ ಒಪ್ಪಿಲ್ಲ. ಆ ಶ್ರದ್ಧೆಗೆ ತಲೆಬಾಗದವರಿಲ್ಲ. ಪತ್ನೀವಿಯೋಗದ ದುಃಖವನ್ನು 'ನಂದಾದೀಪ'ದ ಕವನಗಳಾಗಿಸಿದರು. 'ಗೊಲ್ಗೊಥಾ'ದಲ್ಲಿ ಕ್ರಿಸ್ತನ ಕಡೆಯ ದಿನವನ್ನೂ 'ವೈಶಾಖಿ'ಯಲ್ಲಿ ಬುದ್ಧನ ಕಡೆಯ ದಿನವನ್ನೂ ಹಾಡಿದರು. ಒಬ್ಬನು ಅರಮನೆಯನ್ನು ತೊರೆದವನು, ಇನ್ನೊಬ್ಬನು ಶಿಲುಬೆಯನ್ನು ಹೊತ್ತವನು. ಈ ಇಬ್ಬರನ್ನು ಅವರು ಆರಿಸಿಕೊಂಡುದು ಆಕಸ್ಮಿಕವಲ್ಲವೆಂದು ನನ್ನ ಭಾವನೆ. ೧೯೪೯ರಲ್ಲಿ ಮದರಾಸು ಸರಕಾರ ಅವರಿಗೆ ರಾಷ್ಟ್ರಕವಿ ಬಿರುದನ್ನಿತ್ತಿತು. ೧೯೫೧ರಲ್ಲಿ ಮುಂಬಯಿಯ ಸಾಹಿತ್ಯ ಸಮ್ಮೇಳನ ಅವರನ್ನು ಅಧ್ಯಕ್ಷಪೀಠದಲ್ಲಿ ಕುಳ್ಳಿರಿಸಿತು. ಆದರೆ ಅಷ್ಟರಲ್ಲಿ ಅವರಿಗೆ ಅರುವತ್ತೈದು ದಾಟಿತ್ತು. ಬಿರುದಿಗಾಗಿ ಓದಿದವರಾಗಿದ್ದರೆ ನಡುವಯಸ್ಸಿನಲ್ಲೇ ಪುಸ್ತಕ ಮುಚ್ಚಿಡುತ್ತಿದ್ದರು.

ಇನ್ನೊಬ್ಬರು ಪೆರಡಾಲದ ಕಯ್ಯಾರ ಕಿಞ್ಞಣ್ಣ ರೈಗಳು. ಅಧ್ಯಾಪಕರು, ಬೇಸಾಯಗಾರರು, ಕವಿಗಳು, ಸ್ವಾತಂತ್ರ್ಯದ ಹೋರಾಟಗಾರರು. ತಮ್ಮ ಆತ್ಮಕಥೆಗೆ ಅವರಿತ್ತ ಹೆಸರು 'ದುಡಿತವೇ ನನ್ನ ದೇವರು'. ಈ ನೆಲ ಕನ್ನಡನಾಡಿಗೆ ಸೇರಬೇಕೆಂಬುದು ಅವರ ಜೀವಮಾನದ ಹಂಬಲ. ೧೯೫೬ರ ನವೆಂಬರ್ ೧ರಂದು ಕಾಸರಗೋಡು ಕೇರಳಕ್ಕೆ ಸೇರಿತು. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗ ಮರುವರ್ಷ ವರದಿಯನ್ನೊಪ್ಪಿಸಿ, ಚಂದ್ರಗಿರಿ ಹೊಳೆಯ ಉತ್ತರ ಭಾಗ ಕರ್ನಾಟಕಕ್ಕೆ ಸಲ್ಲಬೇಕೆಂದು ಸೂಚಿಸಿತು. ಅದು ಕಾಗದದಲ್ಲಿಯೇ ಉಳಿಯಿತು. ೨೦೧೫ರ ಆಗಸ್ಟ್ ೯ರಂದು, ನೂರು ವರ್ಷ ತುಂಬಿದ ಮೇಲೆ ಅವರು ಕಣ್ಮುಚ್ಚುವಾಗಲೂ ಆ ಹಂಬಲ ಈಡೇರಿರಲಿಲ್ಲ. ಹಾಗೆಂದು ಅವರ ಬಾಳು ವ್ಯರ್ಥವಾಯಿತೆಂದು ಹೇಳುವ ಎದೆಗಾರಿಕೆ ನಮ್ಮಲ್ಲಿ ಯಾರಿಗಿದೆ? ಸುಖವನ್ನು ಬಯಸಿದವನು ಅದು ಸಿಕ್ಕದಿದ್ದರೆ ಬರಿಗೈಯವನಾಗುತ್ತಾನೆ. ಒಂದು ಸತ್ಕಾರ್ಯಕ್ಕೆ ತನ್ನನ್ನು ಕೊಟ್ಟುಕೊಂಡವನು ಫಲ ಬಾರದಿದ್ದರೂ ಬರಿಗೈಯವನಾಗುವುದಿಲ್ಲ. ಅವನಿಂದ ಕಲಿತವರು, ಅವನು ನೆಟ್ಟ ಗಿಡಗಳು, ಅವನು ಆಡಿದ ಮಾತು ಲೋಕದಲ್ಲಿ ಉಳಿಯುತ್ತವೆ.

ಇಲ್ಲಿ ಎರಡು ಎಚ್ಚರಿಕೆಯ ಮಾತುಗಳನ್ನು ಹೇಳದಿದ್ದರೆ ತಪ್ಪಾದೀತು. ಮೊದಲನೆಯದು, ಹಸಿದವನ ಮುಂದೆ ಈ ವೇದಾಂತವನ್ನು ಹೇಳಲಾಗದು. ಅನ್ನ, ಔಷಧ, ತಲೆಯ ಮೇಲೊಂದು ಸೂರು, ಇವು ಸುಖಲೋಲುಪತೆಯಲ್ಲ. ಬಾಳುವುದಕ್ಕೆ ಬೇಕಾದ ನೆಲಗಟ್ಟು. ಮಗನಿಗೆ ಕೆಲಸ ಸಿಗಲಿ ಎಂದು ಬಯಸಿದ ಆ ತಂದೆಯನ್ನು ನಾನೆಂದೂ ನಿಂದಿಸಲಾರೆ. ಎರಡನೆಯದು, ಗುರಿಯೊಂದಿದ್ದ ಮಾತ್ರಕ್ಕೆ ಸಾಲದು, ಅದು ಯೋಗ್ಯವಾಗಿರಬೇಕು. ಪಂಪನ ಕರ್ಣನನ್ನು ನೆನೆಯಿರಿ. ಕೃಷ್ಣನು ಜನ್ಮರಹಸ್ಯವನ್ನು ತಿಳಿಸಿ, ರಾಜ್ಯವನ್ನೇ ಮುಂದೊಡ್ಡಿದರೂ ಅವನು ಸುಖದ ಕಡೆಗೆ ವಾಲಲಿಲ್ಲ. ಅನ್ನವಿತ್ತವನ ಋಣಕ್ಕೆ ಪ್ರಾಣವನ್ನು ತೆತ್ತನು. ಆ ನಿಷ್ಠೆಗೆ ನಮ್ಮ ಕಣ್ಣು ತೇವಗೊಳ್ಳುತ್ತದೆ. ಆದರೆ ಆ ನಿಷ್ಠೆ ನಿಂತುದು ಅಧರ್ಮದ ಪಕ್ಷದಲ್ಲಿ. ಹೀಗಾಗಿ ನಮ್ಮ ಗುರಿಯನ್ನು ನಾವು ಪರೀಕ್ಷಿಸಿಕೊಳ್ಳಬೇಕು. ಯಾರೂ ನೋಡದಿದ್ದರೂ ಈ ಕೆಲಸವನ್ನು ನಾನು ಮಾಡುವೆನೇ? ನನ್ನ ಹೊರಗಿನ ಒಬ್ಬರಿಗಾದರೂ ಇದರಿಂದ ಹಿತವುಂಟೇ? ಇದಕ್ಕಾಗಿ ಮತ್ತೊಬ್ಬರನ್ನು ದ್ವೇಷಿಸಬೇಕಾಗುವುದೇ? ಮೊದಲೆರಡಕ್ಕೆ ಹೌದೆಂದೂ ಮೂರನೆಯದಕ್ಕೆ ಇಲ್ಲವೆಂದೂ ಉತ್ತರ ಬಂದರೆ ಆ ಗುರಿಯನ್ನು ನಂಬಬಹುದು. ನಮ್ಮ ಕನ್ನಡದ ಕೆಲಸಕ್ಕೂ ಇದೇ ಒರೆಗಲ್ಲು. ನೆರೆಯ ಮಲಯಾಳವನ್ನು ಹಳಿದು ಕನ್ನಡ ಬೆಳೆಯಲಾರದು.

ಈಗ ಆ ಹುಡುಗನ ಸಂಗತಿಯನ್ನು ಹೇಳಿ ಮುಗಿಸುತ್ತೇನೆ. ಎರಡು ವರ್ಷಗಳ ಹಿಂದೆ ಅವನು ನಮ್ಮ ಮನೆಗೆ ಬಂದನು. ಒಳ್ಳೆಯ ಉದ್ಯೋಗದಲ್ಲಿದ್ದಾನೆ; ತಂದೆ ತೀರಿಕೊಂಡಿದ್ದಾರೆ. ಕೈಯಲ್ಲಿ ಒಂದು ತಗಡಿನ ಪೆಟ್ಟಿಗೆ. ಅದರಲ್ಲಿ ಅಜ್ಜನ ಕಾಲದ ಕಾಗದಪತ್ರಗಳು, ಎಲ್ಲವೂ ಕನ್ನಡದಲ್ಲಿ. ಎಳವೆಯಲ್ಲಿ ಕಲಿತ ಅಕ್ಷರಗಳು ಮಸುಕಾಗಿದ್ದುದರಿಂದ ಕೂಡಿಸಿ ಓದಲು ಅವನಿಗೆ ಬರಲಿಲ್ಲ. "ಓದಿ ಹೇಳಬೇಡಿ, ಓದುವುದನ್ನು ಮತ್ತೆ ಕಲಿಸಿ" ಎಂದನು. ರಜೆಯ ದಿನಗಳಲ್ಲಿ ಬಂದು ಕುಳಿತು, ಎರಡು ತಿಂಗಳಲ್ಲಿ ಪೆಟ್ಟಿಗೆಯನ್ನು ತಾನೇ ಓದಿ ಮುಗಿಸಿದನು. "ಸುಖವಾಯಿತೇನಪ್ಪ?" ಎಂದು ನಾನು ಕೇಳಿದೆ. ಅವನು ನಕ್ಕು, "ಸುಖವೆಲ್ಲಿಯದು ಸರ್, ಅದರಲ್ಲಿರುವುದು ಹೆಚ್ಚಾಗಿ ಅಜ್ಜ ಮಾಡಿದ ಸಾಲದ ಲೆಕ್ಕ. ಆದರೆ ಅಪ್ಪ ಯಾಕೆ ಅಷ್ಟು ದುಡಿದರೆಂದು ಈಗ ಗೊತ್ತಾಯಿತು" ಎಂದನು.

ಮಹನೀಯರೇ, ಅವನ ತಂದೆ ಕೇಳಿದ ಪ್ರಶ್ನೆಗೆ ನನ್ನ ಉತ್ತರ ಇದೇ. ಕನ್ನಡ ಕಲಿತರೆ ಸುಖ ಬರುವುದೆಂದು ನಾನು ಮಾತು ಕೊಡಲಾರೆ. ನಾನು ಯಾರವನು, ಯಾರ ದುಡಿತದ ಮೇಲೆ ನಿಂತಿದ್ದೇನೆ, ಮುಂದಿನವರಿಗೆ ಏನನ್ನು ಉಳಿಸಿ ಹೋಗಬೇಕು ಎಂಬುದನ್ನು ತಿಳಿಯುವ ಒಂದು ದಾರಿ ಅದರಿಂದ ತೆರೆಯುತ್ತದೆ. ಅದನ್ನು ಅರಿತವನಿಗೆ ಮಾಡತಕ್ಕ ಕೆಲಸದ ಕೊರತೆಯಿಲ್ಲ. ಈ ವರ್ಷ ನನ್ನ ತರಗತಿಯಲ್ಲಿರುವ ಮಕ್ಕಳು ಹನ್ನೊಂದೇ ಮಂದಿ. ನಾಳೆ ಬೆಳಗ್ಗೆ ಅವರಿಗೆ ಕಂದಪದ್ಯದ ಲಕ್ಷಣವನ್ನು ಹೇಳಬೇಕಾಗಿದೆ. ಅದಕ್ಕಾಗಿ ನಾನು ಈ ರಾತ್ರಿಯೇ ಊರಿಗೆ ಮರಳುತ್ತೇನೆ.