ಚೀನಾದ ಕಾನೂನು, ಹೊರದೇಶದ ಡೇರಿಗಳ ಪಾಡು

(ಒಕ್ಕೂಟದ ಸದಸ್ಯ ಸಂಘಗಳ ಸಭೆಯಲ್ಲಿ ಮಾಡಿದ ಭಾಷಣ)



ಚೀನಾಕ್ಕೆ ವ್ಯಾಪಾರಕ್ಕೆಂದು ಹೋದ ಹೊರದೇಶದ ಡೇರಿಗಳು ಅಲ್ಲಿ ಪದೇ ಪದೇ ಬದಲಾಗುವ ಕಾನೂನಿಗೆ ಹೇಗೆ ಹೊಂದಿಕೊಂಡವು ಎಂಬುದನ್ನು ಹೇಳಲು ನನಗೆ ತಿಳಿಸಿದ್ದಾರೆ. ಇದು ದೂರದ ಮಾತು ಎನ್ನಿಸಬಹುದು. ಆದರೆ ಈ ಕಥೆಯಲ್ಲಿ ಮೊದಲು ಪೆಟ್ಟು ತಿಂದದ್ದು ನಮ್ಮಂತೆಯೇ ರೈತರು ಕಟ್ಟಿದ ಒಂದು ಸಹಕಾರ ಸಂಸ್ಥೆ.

ನ್ಯೂಜಿಲೆಂಡಿನ ಫಾಂಟೆರಾ 2005ರಲ್ಲಿ ಚೀನಾದ ಸಾನ್ಲು ಕಂಪನಿಯಲ್ಲಿ ಶೇಕಡಾ 43ರಷ್ಟು ಪಾಲು ಕೊಂಡಿತು. ಆಡಳಿತ ಮಂಡಳಿಯಲ್ಲಿ ಮೂರು ಸ್ಥಾನವೂ ಸಿಕ್ಕಿತು. ಹಾಲು ಮಾತ್ರ ದಲ್ಲಾಳಿಗಳ ಕೈದಾಟಿ ಬರುತ್ತಿತ್ತು. ಹಾಲಿಗೆ ನೀರು ಬೆರೆಸಿ, ಪರೀಕ್ಷೆಯಲ್ಲಿ ಸಿಕ್ಕಿಬೀಳದಂತೆ ಮೆಲಮೈನ್ ಎಂಬ ರಾಸಾಯನಿಕ ಹಾಕುತ್ತಿದ್ದರು. ಪ್ರೋಟೀನ್ ಪರೀಕ್ಷೆ ಅಳೆಯುತ್ತಿದ್ದುದು ಸಾರಜನಕವನ್ನು. ಮೆಲಮೈನಿನಲ್ಲಿ ಅದು ಬೇಕಾದಷ್ಟಿದೆ. ಹೀಗಾಗಿ ನೀರು ಹಾಲೂ ಗಟ್ಟಿ ಹಾಲಿನ ಲೆಕ್ಕಕ್ಕೆ ಬರುತ್ತಿತ್ತು. 2008ರಲ್ಲಿ ಆರು ಹಸುಗೂಸುಗಳು ಸತ್ತವು, ಸುಮಾರು 3 ಲಕ್ಷ ಮಕ್ಕಳು ಕಾಯಿಲೆ ಬಿದ್ದರು. ಆ ವರ್ಷವೇ ನಮ್ಮ ದೇಶವೂ ಚೀನಾದ ಹಾಲು ಪದಾರ್ಥಗಳ ಆಮದನ್ನು ನಿಷೇಧಿಸಿತು.

ಫಾಂಟೆರಾಗೆ ವಿಷಯ ತಿಳಿದದ್ದು ಆಗಸ್ಟ್ 2ರಂದು. ಪಾಲುದಾರರಿಗೂ ಸ್ಥಳೀಯ ಅಧಿಕಾರಿಗಳಿಗೂ ಹೇಳುತ್ತಲೇ ಐದು ವಾರ ಕಳೆಯಿತು. ಕೊನೆಗೆ ನ್ಯೂಜಿಲೆಂಡ್ ಸರ್ಕಾರ ನೇರವಾಗಿ ಬೀಜಿಂಗಿಗೆ ತಿಳಿಸಿದ ಮೇಲೆ ಮಾತು ಬಯಲಾಯಿತು. ಸಾನ್ಲು ದಿವಾಳಿಯಾಯಿತು, ಫಾಂಟೆರಾ ಹೂಡಿದ ಹಣ ಮುಳುಗಿತು. ಮಂಡಳಿಯಲ್ಲಿ ಮೂರು ಕುರ್ಚಿ ಇತ್ತು, ಹಾಲಿನ ಕ್ಯಾನಿನ ಮೇಲೆ ಹಿಡಿತ ಇರಲಿಲ್ಲ. ನನ್ನ ಮಟ್ಟಿಗೆ ತಪ್ಪಾದದ್ದು ಅಲ್ಲಿಯೇ.

ಆಮೇಲೆ ಕಾನೂನು ಬಿಗಿಯಾಗುತ್ತಾ ಹೋಯಿತು. 2009ರಲ್ಲಿ ಆಹಾರ ಸುರಕ್ಷತಾ ಕಾಯಿದೆ ಬಂತು, 2015ರಲ್ಲಿ ಅದಕ್ಕೆ ಇನ್ನಷ್ಟು ಹಲ್ಲು ಬಂತು. 2013ರಲ್ಲಿ ಪೆಟ್ಟು ಬೇರೆ ಕಡೆಯಿಂದ ಬಿತ್ತು. ಅಂಗಡಿಯವರು ಇಂತಿಷ್ಟಕ್ಕಿಂತ ಕಡಿಮೆಗೆ ಮಾರಕೂಡದೆಂದು ಕಟ್ಟು ಹಾಕಿದ್ದಕ್ಕೆ ಮಕ್ಕಳ ಹಾಲಿನಪುಡಿಯ ಆರು ಕಂಪನಿಗಳಿಗೆ ಒಟ್ಟು ಸುಮಾರು 67 ಕೋಟಿ ಯುವಾನ್ ದಂಡ ಬಿತ್ತು. ಪಟ್ಟಿಯಲ್ಲಿ ಫಾಂಟೆರಾ ಮತ್ತೆ ಇತ್ತು! ಅದೇ ತನಿಖೆಗೆ ಸಿಕ್ಕಿದ ವೈಯತ್ ಮತ್ತು ಜಪಾನಿನ ಮೇಜಿ ತಾವಾಗಿ ಒಪ್ಪಿಕೊಂಡು ದಾಖಲೆ ಒಪ್ಪಿಸಿದ್ದರಿಂದ ದಂಡವಿಲ್ಲದೆ ಪಾರಾದವು. ವಕೀಲರನ್ನು ಹಿಡಿದು ವಾದಿಸುವುದಕ್ಕಿಂತ ಇದು ಅಗ್ಗವಾಯಿತು.

2018ರಿಂದ ಒಂದು ಕಾರ್ಖಾನೆಗೆ ಮೂರು ಬ್ರಾಂಡು, ಒಂಬತ್ತು ಮಿಶ್ರಣ ಮಾತ್ರ ಎಂದಾಯಿತು. ಒಂದೇ ಪುಡಿಗೆ ಹತ್ತು ಹೆಸರಿಟ್ಟು ಮಾರುತ್ತಿದ್ದವರ ಆಟ ನಿಂತಿತು. 2022ರ ಜನವರಿ 1ರಿಂದ ಹೊರದೇಶದ ಆಹಾರ ಕಾರ್ಖಾನೆಗಳೆಲ್ಲ ಚೀನಾದ ಸುಂಕ ಇಲಾಖೆಯಲ್ಲಿ ನೋಂದಾಯಿಸಿ, ಆ ಸಂಖ್ಯೆಯನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಬೇಕಾಯಿತು. ಡೇರಿಗಳಿಗಾದರೆ ಅವರ ದೇಶದ ಸರ್ಕಾರದ ಶಿಫಾರಸೂ ಬೇಕಿತ್ತು.

ಮಕ್ಕಳ ಪುಡಿಯ ಹೊಸ ಗುಣಮಟ್ಟ 2021ರಲ್ಲಿ ಪ್ರಕಟವಾಗಿ 2023ರ ಫೆಬ್ರವರಿಯಲ್ಲಿ ಜಾರಿಗೆ ಬಂತು. ನಡುವೆ ಇದ್ದದ್ದು ಎರಡು ವರ್ಷ. ಮಿಶ್ರಣ ತಿದ್ದಿ, ಪರೀಕ್ಷೆ ಮಾಡಿಸಿ, ಅರ್ಜಿ ಹಾಕುವುದೆಲ್ಲ ಅಷ್ಟರಲ್ಲೇ ಆಗಬೇಕಿತ್ತು. ನ್ಯೂಜಿಲೆಂಡಿನ ಎ2 ಮಿಲ್ಕ್ ಕಂಪನಿಗೆ ಒಪ್ಪಿಗೆ ಕೈಸೇರಿದಾಗ 2023ರ ಜೂನ್ ಬಂದಿತ್ತು.