ಎರೆಯುವ ಕೈ, ಬೆಚ್ಚನೆಯ ಎದೆ



ಬೆಂಗಳೂರಿನ ಬಸವನಗುಡಿ, ಮಲ್ಲೇಶ್ವರ, ಚಾಮರಾಜಪೇಟೆಗಳ ಹಳೆಯ ಮನೆಗಳಲ್ಲಿ ಬಾಣಂತಿಯ ಕೋಣೆಯೆಂಬುದೊಂದಿರುತ್ತಿತ್ತು. ಅಲ್ಲಿ ಮನೆಯ ಅಜ್ಜಿಯೋ, ಗೊತ್ತಿನ ಎರೆಯುವಾಕೆಯೋ, ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು, ಬೆಚ್ಚಗೆ ಮಾಡಿದ ಹರಳೆಣ್ಣೆಯನ್ನು ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕಿ, ಬಿಸಿನೀರೆರೆದು, ಸಾಂಬ್ರಾಣಿಯ ಹೊಗೆ ಹಾಕಿ ತೊಟ್ಟಿಲಿಗೆ ಸೇರಿಸುತ್ತಿದ್ದಳು. ಆಯುರ್ವೇದಾಚಾರ್ಯ ವಾಗ್ಭಟನು ಅಷ್ಟಾಂಗಹೃದಯದ ಉತ್ತರಸ್ಥಾನದ ಮೊದಲ ಅಧ್ಯಾಯದಲ್ಲಿಯೇ ನವಜಾತ ಶಿಶುವಿಗೆ ಬಲಾತೈಲವನ್ನು ವಿಧಿಸಿರುವುದನ್ನು ನೆನೆದರೆ ಈ ಕೈಗಳ ಪರಂಪರೆ ಎಷ್ಟು ದೀರ್ಘವಾದುದೆಂಬುದು ಮನವರಿಕೆಯಾಗುತ್ತದೆ. ಆದರೆ ಆ ಕೈಯ ಬಲಕ್ಕೆ ಒಗ್ಗುವುದು ತುಂಬುಮಾಸದ ಕೂಸು. ಹುಟ್ಟುವಾಗ 2500 ಗ್ರಾಂಗಿಂತ ಕಡಮೆ ತೂಗುವ, ಅದರಲ್ಲಿಯೂ ಅಕಾಲದಲ್ಲಿ ಜನಿಸಿದ ಶಿಶುವಿಗೆ ಈರುಳ್ಳಿಯ ಸಿಪ್ಪೆಯಂಥ ಚರ್ಮ, ಅದರಡಿಯಲ್ಲಿ ಮೇದಸ್ಸು ತೀರ ಕಡಮೆ. ಎರೆದ ನೀರು ಆರುವಷ್ಟರಲ್ಲಿ ಮೈಯ ಕಾವೇ ಆರಿಹೋಗುತ್ತದೆ.

ಆ ಕಾವನ್ನು ಕಾಪಾಡುವ ಚಿಂತೆಯಿಂದಲೇ ಪ್ಯಾರಿಸ್ಸಿನ ವೈದ್ಯ ಸ್ತೆಫಾನ್ ತಾರ್ನಿಯೇ 1880ರ ಸುಮಾರಿಗೆ, ಕೋಳಿಮರಿ ಮಾಡಿಸುವ ಪೆಟ್ಟಿಗೆಯನ್ನು ಕಂಡು, ಶಿಶುಗಳಿಗೂ ಅಂಥದೊಂದನ್ನು ಮಾಡಿಸಿದನು. ಅಗಲಿಸಿದ ಕೂಸಿನ ಮೇಲೆ ತಾಯಿಯ ಮನಸ್ಸು ಕ್ರಮೇಣ ನಿಲ್ಲದಾಗುವುದೆಂದು ಆತನ ಶಿಷ್ಯ ಪಿಯೆರ್ ಬ್ಯೂದಾಂ ಆಗಲೇ ಎಚ್ಚರಿಸಿದ್ದರೂ, ಸೋಂಕಿನ ಭಯದಿಂದ ಇಪ್ಪತ್ತನೆಯ ಶತಮಾನದ ಆಸ್ಪತ್ರೆಗಳು ತಾಯಂದಿರನ್ನು ಗಾಜಿನ ಆಚೆಗೆ ನಿಲ್ಲಿಸಿದವು.

ನಮ್ಮ ಊರಿನಲ್ಲಿ, ಕೋಟೆಯ ನೆರೆಯಲ್ಲಿ, 1895ರಿಂದ 1902ರವರೆಗೆ ಮೈಸೂರಿನ ರೀಜೆಂಟರಾಗಿದ್ದ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಬಿರುದನ್ನು ಹೊತ್ತ ವಾಣಿವಿಲಾಸ ಆಸ್ಪತ್ರೆ 1935ರಲ್ಲಿ ಆರಂಭವಾಯಿತು. ಹೆರಿಗೆಯು ಕೋಣೆಯಿಂದ ಆಸ್ಪತ್ರೆಗೆ ಬಂದುದರಿಂದ ಉಳಿದ ಜೀವಗಳು ಅಸಂಖ್ಯಾತ. ಆದರೆ ಅಜ್ಜಿಯ ಎಣ್ಣೆಬಟ್ಟಲು ಮನೆಯಲ್ಲಿಯೇ ಉಳಿಯಿತು.

ಕಾವಿನ ಪೆಟ್ಟಿಗೆಗಳ ಕೊರತೆಯೇ ಸ್ಪರ್ಶವನ್ನು ಮರಳಿ ಕರೆತಂದಿತು. ಕೊಲಂಬಿಯ ದೇಶದ ಬೊಗೊಟಾದಲ್ಲಿ, ಒಂದೊಂದು ಪೆಟ್ಟಿಗೆಯಲ್ಲಿ ಒಂದಕ್ಕಿಂತ ಹೆಚ್ಚು ಶಿಶುಗಳನ್ನು ಮಲಗಿಸಿ ಸೋಂಕು ಹಬ್ಬುತ್ತಿದ್ದ ದುಃಸ್ಥಿತಿಯಲ್ಲಿ, ಎಡ್ಗರ್ ರೇ ಎಂಬ ವೈದ್ಯರು 1978ರಲ್ಲಿ ಕೂಸನ್ನು ತಾಯಿಯ ಬರಿಯೆದೆಗೆ ನೇರವಾಗಿ ಕಟ್ಟಿದರು; ಹೆಕ್ಟರ್ ಮಾರ್ಟಿನೆಜ್ ಅವರೊಡನೆ ಕೂಡಿದರು. ಇದೇ ಕಾಂಗರೂ ತಾಯಿ ಆರೈಕೆ. ಇತ್ತ ಅಮೆರಿಕದಲ್ಲಿ ಟಿಫನಿ ಫೀಲ್ಡ್ ಮತ್ತು ಸಂಗಡಿಗರು 1986ರಲ್ಲಿ 40 ಅಕಾಲಿಕ ಶಿಶುಗಳ ಅಧ್ಯಯನವನ್ನು ಪ್ರಕಟಿಸಿದರು: ದಿನಕ್ಕೆ ಮೂರು ಸಲ, ಸಲಕ್ಕೆ 15 ನಿಮಿಷ, ಹತ್ತು ದಿನ ಮೈ ನೀವಿ ಕೈಕಾಲುಗಳನ್ನು ಮೃದುವಾಗಿ ಮಡಿಸಿ ಚಾಚಿಸಿದ ಶಿಶುಗಳು ಉಳಿದವಕ್ಕಿಂತ ದಿನಂಪ್ರತಿ ಶೇಕಡ 47ರಷ್ಟು ಹೆಚ್ಚು ತೂಕವನ್ನು ಪಡೆದು, ಆರು ದಿನ ಮೊದಲೇ ಮನೆಗೆ ಹೋದವು. ಆ ನೀವುವಿಕೆಯಲ್ಲಿ ಒಂದು ಹದವಿದೆ. ಕೈ ತೀರ ಹಗುರವಾದರೆ ಕಚಗುಳಿಯಾಗಿ ಕೂಸು ಮುದುರಿಕೊಳ್ಳುತ್ತದೆ. ಆದರೂ ಎದೆಗಪ್ಪುವ ಆರೈಕೆಗಿರುವಷ್ಟು ಗಟ್ಟಿಯಾದ ಆಧಾರ ಈ ನೀವುವಿಕೆಗೆ ಇನ್ನೂ ದೊರೆತಿಲ್ಲವೆಂದು ಹೇಳುವುದು ನನ್ನ ಕರ್ತವ್ಯ.

ನಮ್ಮ ನಾಡಿನಲ್ಲಿ ಕಾಂಗರೂ ಆರೈಕೆಯ ದೊಡ್ಡ ಪ್ರಯತ್ನ ನಡೆದುದು ಕೊಪ್ಪಳ ಜಿಲ್ಲೆಯಲ್ಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಸಂಸ್ಥೆಯವರು ಸರ್ಕಾರದೊಡನೆ ಸೇರಿ, 2000 ಗ್ರಾಂಗಿಂತ ಕಡಮೆ ತೂಕದ ಕೂಸುಗಳಿಗೆ ಆಸ್ಪತ್ರೆಯಲ್ಲಿಯೂ, ಬಳಿಕ ಮನೆಯಲ್ಲಿಯೂ, ಈ ಆರೈಕೆ ತಪ್ಪದಂತೆ ಶ್ರಮಿಸಿದರು. ಬಿಸಿಲ ಸೀಮೆಯ ಬಡಮನೆಯಲ್ಲಿ ನೀರು, ಒಲೆ, ದನಕರುಗಳ ಕೆಲಸ ಕಾದಿರುವ ಹೆಣ್ಣುಮಗಳು ಗಂಟೆಗಟ್ಟಲೆ ಕೂಸನ್ನು ಎದೆಗವಚಿಕೊಂಡು ಕೂಡಬೇಕಾದರೆ, ಆ ಕೆಲಸವನ್ನೆಲ್ಲ ಮನೆಯವರು ಹೊರಬೇಕಷ್ಟೆ.

ಭಾರತವೂ ಸೇರಿ ಐದು ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಪರೀಕ್ಷೆಯೊಂದರಲ್ಲಿ, ಹುಟ್ಟಿದೊಡನೆ ಈ ಆರೈಕೆ ಆರಂಭಿಸಿದಲ್ಲಿ 28 ದಿನಗಳೊಳಗಿನ ಮರಣ ಕಾಲುಭಾಗದಷ್ಟು ಇಳಿಯಿತು. ಅದಕ್ಕಾಗಿ ತಾಯಿಯ ಮಂಚವನ್ನೇ ತೀವ್ರ ನಿಗಾ ಘಟಕದೊಳಕ್ಕೆ ತಂದಿದ್ದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯು ದಿನಕ್ಕೆ 8ರಿಂದ 24 ಗಂಟೆಗಳ ಕಾಲ ಇದನ್ನು ನೀಡಬೇಕೆಂದಿತು. ಅಷ್ಟು ಹೊತ್ತು ತಾಯಿಯೊಬ್ಬಳಿಂದಲೇ ಆಗದು. ಅವಳು ಮಿಂದು, ಉಂಡು, ಕಣ್ಣುಮುಚ್ಚುವ ಹೊತ್ತಿಗೆ ಕೈತೊಳೆದು ಬಂದು, ಸೆರಗಿನೊಳಗೆ ಮೊಮ್ಮಗುವನ್ನು ಎದೆಗೊತ್ತಿಕೊಂಡು ಒರಗಿ ಕೂಡುವವಳು, ಎಣ್ಣೆಬಟ್ಟಲನ್ನು ಮನೆಯಲ್ಲಿಟ್ಟು ಬಂದ ಅದೇ ಅಜ್ಜಿ.