ಹಿಮದ ಬಿರುಗಾಳಿ



ಕನ್ನಡದಲ್ಲಿ ‘ಮಂಜು’ ಎಂಬುದು ಬಹು ಉದಾರವಾದ ಮಾತು. ಮಾಗಿಯ ಬೆಳಗಿನಲ್ಲಿ ಶಿರ್ವದ ಗದ್ದೆಗಳ ಮೇಲೆ ತೆಳ್ಳಗೆ ಹರಡಿ, ಬಿಸಿಲೇರುತ್ತಲೆ ಮಾಯವಾಗುವುದೂ ಮಂಜೇ. ಆಗುಂಬೆಯ ಘಾಟಿಯಲ್ಲಿ ಹತ್ತು ಮಾರು ದೂರದ ದಾರಿಯನ್ನು ಮರೆಮಾಡುವುದೂ ಮಂಜೇ. ಹಿಮಾಲಯದ ನೆತ್ತಿಯ ಮೇಲೆ ಕಾಲಾಂತರದಿಂದ ಕುಳಿತಿರುವುದೂ ಮಂಜೇ. ಮೊದಲಿನ ಎರಡನ್ನು ನಾವು ಚೆನ್ನಾಗಿ ಬಲ್ಲೆವು. ಮೂರನೆಯದನ್ನು ಚಿತ್ರಪಟಗಳಲ್ಲಿ ಕಂಡು, ಅದೂ ನಮ್ಮ ಮಂಜಿನಂತೆಯೇ ಸೌಮ್ಯವಾದದ್ದೆಂದು ಭಾವಿಸುತ್ತೇವೆ. ಈಚಿನ ವರ್ಷಗಳಲ್ಲಿ ನಮ್ಮ ನಾಡಿನ ತರುಣರು ಮಾತ್ರವಲ್ಲ, ವಯಸ್ಸಾದವರು ಕೂಡ, ಬೆನ್ನಿಗೆ ಚೀಲ ಕಟ್ಟಿಕೊಂಡು ಆ ಬೆಟ್ಟಗಳತ್ತ ಹೊರಡುತ್ತಿದ್ದಾರೆ. ಇದು ಸಂತೋಷದ ವಿಷಯವೇ. ಆದರೆ ಅಲ್ಲಿಯ ಹವೆಯ ಸ್ವಭಾವವನ್ನರಿಯದೆ ಹೋಗುವುದು ಈಜು ಬಾರದವನು ಕಡಲಿಗೆ ಇಳಿದಂತೆ. ಆದುದರಿಂದ ಹಿಮದ ಬಿರುಗಾಳಿ ಹೇಗೆ ಹುಟ್ಟುತ್ತದೆ, ಮನುಷ್ಯನನ್ನು ಹೇಗೆ ಕೊಲ್ಲುತ್ತದೆ, ಅದರಿಂದ ಉಳಿಯುವ ಬಗೆ ಯಾವುದು ಎಂಬ ಮೂರು ಸಂಗತಿಗಳನ್ನು ಕುರಿತು ಈ ದಿನ ನಾಲ್ಕು ಮಾತುಗಳನ್ನಾಡುತ್ತೇನೆ.

ನೆಲದಿಂದ ಮೇಲಕ್ಕೆ ಹೋದಂತೆ ಗಾಳಿ ತಣ್ಣಗಾಗುತ್ತದೆ; ಸಾವಿರ ಅಡಿಗೆ ಸರಾಸರಿ ೨ ಡಿಗ್ರಿಯಷ್ಟು. ಶಿರ್ವದ ಒಂದು ಮನೆಯಂಗಳದಲ್ಲಿ ಉಷ್ಣಮಾನ ೩೦ ಡಿಗ್ರಿ ಸೆಂಟಿಗ್ರೇಡ್ ಇದ್ದಾಗ, ಅದೇ ಅಂಗಳದ ಮೇಲೆ ನೆಟ್ಟಗೆ ೧೫ ಅಥವಾ ೧೬ ಸಾವಿರ ಅಡಿ ಏರಿದರೆ ನೀರು ಹೆಪ್ಪುಗಟ್ಟುವ ಶೈತ್ಯ ದೊರೆಯುತ್ತದೆ. ಮಳೆಗಾಲದ ಎತ್ತರವಾದ ಮೋಡಗಳ ನೆತ್ತಿಯಲ್ಲಿ ಹಿಮದ ಹರಳುಗಳಿವೆ. ಅವು ಬೀಳುತ್ತ ಬೀಳುತ್ತ ಕರಗಿ ನಮ್ಮ ಹಂಚಿನ ಮೇಲೆ ಮಳೆಯಾಗಿ ಸುರಿಯುತ್ತವೆ. ಹಿಮವು ನಮ್ಮ ತಲೆಯ ಮೇಲೆಯೇ ಇದೆ. ಅದನ್ನು ಮುಟ್ಟುವಷ್ಟು ಎತ್ತರದ ಬೆಟ್ಟ ಮಾತ್ರ ನಮಗಿಲ್ಲ. ಕಾರ್ಕಳದ ಮೂಡಲಿಗೆ ಗೋಡೆಯಂತೆ ನಿಂತಿರುವ ಕುದುರೆಮುಖದ ಎತ್ತರ ಸುಮಾರು ೬,೨೦೦ ಅಡಿ. ಕರ್ನಾಟಕದಲ್ಲೆಲ್ಲ ಉನ್ನತವಾದ ಮುಳ್ಳಯ್ಯನಗಿರಿ ಅದಕ್ಕಿಂತ ನೂರು ಚಿಲ್ಲರೆ ಅಡಿ ಹೆಚ್ಚು, ಅಷ್ಟೆ.

ನಮಗೆ ಮಳೆ ಬರುವುದು ನೈಋತ್ಯದ ಕಡಲಿನಿಂದ. ಹಿಮಾಲಯದ ಪಶ್ಚಿಮ ಭಾಗಕ್ಕೆ ಚಳಿಗಾಲದ ಹಿಮ ಬರುವುದು ಬೇರೆ ದಿಕ್ಕಿನಿಂದ. ಡಿಸೆಂಬರಿನಿಂದ ಮಾರ್ಚಿಯವರೆಗೆ, ಮೆಡಿಟರೇನಿಯನ್ ಸಮುದ್ರದ ಕಡೆ ಹುಟ್ಟಿದ ವಾಯುಕ್ಷೋಭೆಗಳು ಒಂದರ ಹಿಂದೊಂದು ಇರಾನ್, ಆಫ್ಘಾನಿಸ್ತಾನಗಳನ್ನು ದಾಟಿ ಬಂದು ಆ ಪರ್ವತಗಳಿಗೆ ತಾಗುತ್ತವೆ. ಹವಾಶಾಸ್ತ್ರಜ್ಞರು ಇವನ್ನು ಪಶ್ಚಿಮದ ಕ್ಷೋಭೆಗಳೆಂದು ಕರೆಯುತ್ತಾರೆ. ಬಯಲಿನಲ್ಲಿ ಇವು ಮಳೆಯಾಗಿ ಪಂಜಾಬಿನ ಗೋಧಿಯನ್ನು ಬೆಳೆಸುತ್ತವೆ. ಬೆಟ್ಟದಲ್ಲಿ ಹಿಮವಾಗಿ ಕಣಿವೆಗಳನ್ನು ಮುಚ್ಚುತ್ತವೆ. ಚಳಿಗಾಲ ಕಳೆದ ಮೇಲೂ ಭಯ ತೀರುವುದಿಲ್ಲ. ೧೪ ಸಾವಿರ ಅಡಿಗೂ ಮೇಲ್ಪಟ್ಟ ಎಡೆಗಳಲ್ಲಿ, ಬಯಲಿನವರು ಬೇಸಗೆಯೆಂದು ಕರೆಯುವ ಮೇ, ಜೂನ್ ತಿಂಗಳುಗಳಲ್ಲಿ ಕೂಡ, ಒಂದು ಗಳಿಗೆಯೊಳಗೆ ಚಳಿಗಾಲ ಮರಳಿ ಬರಬಲ್ಲುದು.

ಇನ್ನು ಹಿಮವು ಕೊಲ್ಲುವ ಬಗೆ. ಅದು ಎರಡು ವಿಧ. ಮೊದಲನೆಯದು ಕುಸಿತ. ಹಿಮವು ಇಳಿಜಾರಿನ ಮೇಲೆ ಪದರ ಪದರವಾಗಿ ಕೂಡುತ್ತದೆ. ಒಂದು ಪದರ ಗಟ್ಟಿ. ಅದರ ಕೆಳಗಿನದು ಸಕ್ಕರೆಯಂತೆ ಸಡಿಲ. ಬಿರುಗಾಳಿಯು ಹೊಸ ಹಿಮವನ್ನು ತಂದು ಹೇರಿದಾಗ ಸಡಿಲವಾದ ಪದರವು ಭಾರವನ್ನು ತಾಳಲಾರದೆ ಜಾರುತ್ತದೆ, ಮೇಲಿನದೆಲ್ಲ ಅದರೊಡನೆ ಉರುಳುತ್ತದೆ. ೩೦ರಿಂದ ೪೫ ಡಿಗ್ರಿಯವರೆಗಿನ ಇಳಿಜಾರುಗಳೇ ಹೆಚ್ಚು ಅಪಾಯದವು. ಹೂಳಲ್ಪಟ್ಟವರನ್ನು ಕೆಲವೇ ನಿಮಿಷಗಳೊಳಗೆ ತೆಗೆದರೆ ಬಹುಪಾಲು ಮಂದಿ ಬದುಕುತ್ತಾರೆ. ಅರ್ಧ ಗಂಟೆ ಕಳೆದರೆ ಉಸಿರುಕಟ್ಟಿ ಹೆಚ್ಚಿನವರು ತೀರಿಹೋಗುತ್ತಾರೆ.

ಪರ್ವತದ ಹಿಮ ಕುಸಿದು ನಮ್ಮ ನಾಡಿನ ಮನೆಗಳಲ್ಲಿ ದುಃಖವನ್ನು ತಂದ ದಿನವನ್ನು ನೀವು ಮರೆತಿರಲಾರಿರಿ. ೨೦೧೬ನೆಯ ಇಸವಿ ಫೆಬ್ರವರಿ ೩ರಂದು, ಸಿಯಾಚಿನ್ ಹಿಮನದಿಯ ಪ್ರದೇಶದಲ್ಲಿ ೧೯,೬೦೦ ಅಡಿ ಎತ್ತರದ ಸೋನಮ್ ಠಾಣೆಯ ಮೇಲೆ ಹಿಮದ ಗೋಡೆಯೇ ಕುಸಿದು ಮದ್ರಾಸ್ ರೆಜಿಮೆಂಟಿನ ಹತ್ತು ಮಂದಿ ಯೋಧರು ಅದರಡಿಯಲ್ಲಿ ಸಿಕ್ಕಿದರು. ಕಲ್ಲಿನಂತೆ ಗಟ್ಟಿಯಾದ ಹಿಮವನ್ನು ಕೊರೆದು ಹುಡುಕಿದವರು ಆರನೆಯ ದಿನ, ಸುಮಾರು ೨೫ರಿಂದ ೩೦ ಅಡಿ ಆಳದಲ್ಲಿ, ಒಬ್ಬರನ್ನು ಸಜೀವವಾಗಿ ಕಂಡರು. ಅವರು ಧಾರವಾಡ ಜಿಲ್ಲೆಯ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ. ದೇಶವೆಲ್ಲ ಅವರಿಗಾಗಿ ಪ್ರಾರ್ಥಿಸಿತು. ಆದರೂ ಫೆಬ್ರವರಿ ೧೧ರಂದು ದೆಹಲಿಯ ಸೈನಿಕ ಆಸ್ಪತ್ರೆಯಲ್ಲಿ ಅವರ ಪ್ರಾಣ ಹೋಯಿತು. ಮಡಿದ ಹತ್ತು ಮಂದಿಯಲ್ಲಿ ಹಾಸನ, ಮೈಸೂರು ಜಿಲ್ಲೆಗಳವರೂ ಇದ್ದರು.

ಸೈನಿಕನಿಗೆ ಅಲ್ಲಿ ನಿಲ್ಲುವುದು ಕರ್ತವ್ಯ. ಹವೆ ಕೆಟ್ಟಿತೆಂದು ಅವನು ಠಾಣೆಯನ್ನು ಬಿಟ್ಟು ಬರುವಂತಿಲ್ಲ. ವಿಹಾರಕ್ಕೆಂದು ಹೋದವರ ಮಾತು ಬೇರೆ. ಅಂಥವರಿಗೆ ಹೆಚ್ಚಾಗಿ ಎದುರಾಗುವುದು ಎರಡನೆಯ ವಿಧದ ಮೃತ್ಯು. ೨೦೨೪ನೆಯ ಇಸವಿ ಜೂನ್ ತಿಂಗಳ ಮೊದಲ ವಾರದಲ್ಲಿ, ಉತ್ತರಾಖಂಡದ ಸಹಸ್ರತಾಲವೆಂಬ ಎತ್ತರದ ಸರೋವರಗಳನ್ನು ನೋಡಲು ಹೋಗಿದ್ದ ೨೨ ಮಂದಿಯ ತಂಡವೊಂದು ಮರಳುವ ದಾರಿಯಲ್ಲಿ ಹಿಮದ ಬಿರುಗಾಳಿಗೆ ಸಿಕ್ಕಿತು. ತಂಡದಲ್ಲಿ ಬಹುಪಾಲು ಜನ ಕರ್ನಾಟಕದವರು. ೯ ಮಂದಿ ಅಲ್ಲಿಯೇ ತೀರಿಕೊಂಡರು; ೧೩ ಮಂದಿ ಬದುಕಿ ಬಂದರು. ಅಲ್ಲಿ ಬೆಟ್ಟ ಕುಸಿದು ಯಾರ ಮೇಲೂ ಬೀಳಲಿಲ್ಲ. ಮೈಯ ಬಿಸಿ ಆರಿಹೋಯಿತು, ಅಷ್ಟೆ.

ಈ ‘ಅಷ್ಟೆ’ ಎಂಬುದರ ಒಳಗನ್ನು ಸ್ವಲ್ಪ ನೋಡೋಣ. ಗಾಳಿಯಿಲ್ಲದ ಕಡೆ ಸೊನ್ನೆ ಡಿಗ್ರಿಯ ಚಳಿಯನ್ನು ಒಳ್ಳೆಯ ಉಣ್ಣೆಯ ಬಟ್ಟೆಯಿಂದ ತಾಳಬಹುದು. ಅದೇ ಚಳಿಯಲ್ಲಿ ಗಂಟೆಗೆ ೪೦ ಕಿಲೋಮೀಟರ್ ವೇಗದ ಗಾಳಿ ಬೀಸಿದರೆ ಮೈಗೆ ಸೊನ್ನೆಗಿಂತ ೭ ಡಿಗ್ರಿ ಕೆಳಗಿನ ಚಳಿಯಂತೆ ತಾಗುತ್ತದೆ. ಚರ್ಮವನ್ನು ಸುತ್ತಿಕೊಂಡಿರುವ ಬೆಚ್ಚನೆಯ ಗಾಳಿಯ ತೆಳುಪೊರೆಯನ್ನು ಬಿರುಗಾಳಿಯು ಕ್ಷಣಕ್ಷಣಕ್ಕೂ ಕಿತ್ತೊಯ್ಯುವುದೇ ಇದಕ್ಕೆ ಕಾರಣ. ಇದರ ಮೇಲೆ ಬಟ್ಟೆ ಒದ್ದೆಯಾದರೆ ಅನರ್ಥ ಪೂರ್ಣವಾಯಿತು. ನೀರು ಗಾಳಿಗಿಂತ ಸುಮಾರು ೨೫ ಪಾಲು ಬೇಗನೆ ಮೈಯ ಶಾಖವನ್ನು ಸೆಳೆಯುತ್ತದೆ. ದೇಹದ ಒಳಗಿನ ಶಾಖ ೩೭ ಡಿಗ್ರಿಯಿಂದ ೩೫ಕ್ಕೆ ಇಳಿಯುವಷ್ಟರಲ್ಲಿ ನಡುಕ ಹತ್ತುತ್ತದೆ, ಬೆರಳುಗಳು ಗುಂಡಿ ಹಾಕಲಾರವು. ಇನ್ನೂ ಇಳಿದರೆ ಮಾತು ತೊದಲುತ್ತದೆ, ಬುದ್ಧಿ ಮಂಕಾಗುತ್ತದೆ. ಕಡೆಗೆ ನಡುಕ ನಿಲ್ಲುತ್ತದೆ. ಪಕ್ಕದಲ್ಲಿದ್ದವರು ಇವನು ಸುಧಾರಿಸಿಕೊಂಡನೆಂದು ತಿಳಿಯುತ್ತಾರೆ. ನಿಜವಾಗಿ ಅದೇ ಕೊನೆಯ ಮೆಟ್ಟಿಲು. ಚಳಿಗೆ ಮದ್ಯ ಒಳ್ಳೆಯದೆಂಬ ನಂಬಿಕೆಯೂ ತಪ್ಪು. ಅದು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಒಳಗಿನ ಶಾಖವನ್ನು ಹೊರಗೆ ಚೆಲ್ಲಿಬಿಡುತ್ತದೆ.

ಎಲ್ಲಕ್ಕಿಂತ ಘೋರವಾದದ್ದು ಬುದ್ಧಿ ಮಂಕಾಗುವ ಸಂಗತಿ. ಹಿಂದಿರುಗಬೇಕೆಂದು ತೀರ್ಮಾನಿಸಬೇಕಾದ ಗಳಿಗೆಯಲ್ಲಿಯೇ ತೀರ್ಮಾನಿಸುವ ಶಕ್ತಿ ಹೋಗಿರುತ್ತದೆ. ಆದುದರಿಂದ ಆ ತೀರ್ಮಾನವನ್ನು ಬೆಚ್ಚಗಿರುವಾಗಲೇ, ಡೇರೆಯಿಂದ ಹೊರಡುವ ಮೊದಲೇ, ಮಾಡಿರಬೇಕು. ಎತ್ತರದ ಬೆಟ್ಟಗಳಲ್ಲಿ ಮೋಡ ಕವಿಯುವುದು ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ. ನಸುಕಿನಲ್ಲಿ ಹೊರಟು, ಇಂಥ ಹೊತ್ತಿಗೆ ಎಲ್ಲಿದ್ದರೂ ಹಿಂದಿರುಗುವೆವೆಂದು ಗೊತ್ತುಮಾಡಿಕೊಂಡು, ಶಿಖರ ನೂರು ಮಾರು ದೂರದಲ್ಲಿದ್ದರೂ ಆ ಮಾತಿಗೆ ತಪ್ಪದಿರಬೇಕು. ಒಣಬಟ್ಟೆಯ ಒಂದು ಜೊತೆ ಚೀಲದ ತಳದಲ್ಲಿರಬೇಕು. ನಡೆಯಲಾರದವನ ಹೆಜ್ಜೆಯೇ ತಂಡದ ಹೆಜ್ಜೆಯಾಗಬೇಕು. ಬಿರುಗಾಳಿಗೆ ಸಿಕ್ಕಿದಾಗ ದಾರಿ ಕಾಣದಿದ್ದರೆ, ಕತ್ತಲಲ್ಲಿ ಅಲೆಯುವುದಕ್ಕಿಂತ ಬಂಡೆಯ ಮರೆಯಲ್ಲಿ ಒಬ್ಬರನ್ನೊಬ್ಬರು ಒತ್ತಿ ಕುಳಿತು ಮೈಬಿಸಿಯನ್ನು ಕಾಯುವುದು ಮೇಲು.

ಈ ಪಾಠ ಕರಾವಳಿಯವರಿಗೆ ಹೊಸದಲ್ಲ. ಜೂನ್ ೧ರಿಂದ ಜುಲೈ ೩೧ರವರೆಗೆ ಮಲ್ಪೆಯ ಬಂದರಿನಲ್ಲಿ ಯಂತ್ರದ ದೋಣಿಗಳು ಲಂಗರು ಹಾಕಿ ನಿಲ್ಲುತ್ತವೆ. ಅದು ಇಂದು ಸರಕಾರದ ಕಟ್ಟಳೆ. ಅದಕ್ಕೂ ಮುಂಚಿನಿಂದ ಕಡಲ ಮಕ್ಕಳ ಕಟ್ಟಳೆ. ನಾಡದೋಣಿಯವರು ಮಳೆಗಾಲದಲ್ಲಿ ಕಡಲಿಗಿಳಿಯುವುದುಂಟು. ಆದರೆ ಅಲೆ ತಗ್ಗುವವರೆಗೆ ದಡದಲ್ಲಿ ಕಾದು, ಗಾಳಿ ತಿರುಗಿತೆಂದರೆ ಬಲೆ ಬರಿದಾಗಿದ್ದರೂ ಮರಳುತ್ತಾರೆ. ಕಾಪುವಿನ ಕಡಲ ತೀರದಲ್ಲಿ ಹಾಗೆ ಮರಳಿದವನನ್ನು ಹೇಡಿಯೆಂದು ಕರೆದವರಿಲ್ಲ. ಹೊಟ್ಟೆಪಾಡಿಗಾಗಿ ಕಡಲಿಗೆ ಹೋಗುವವನೇ ಇಷ್ಟು ವಿವೇಕವನ್ನು ತೋರುವಾಗ, ಸಂತೋಷಕ್ಕಾಗಿ ಬೆಟ್ಟಕ್ಕೆ ಹೋಗುವವನು ಅದನ್ನು ಮರೆಯಬಹುದೆ?

ಹಿಮಾಲಯಕ್ಕೆ ಹೋಗಬೇಡಿರೆಂದು ನಾನು ಹೇಳಲಾರೆ, ಹೋಗಿರಿ, ನೋಡಿರಿ. ಹೊರಡುವ ಮುನ್ನ ಹವಾಮಾನ ಇಲಾಖೆಯ ಮುನ್ಸೂಚನೆಯನ್ನು ಓದಿಕೊಳ್ಳಿರಿ. ಹೊರಡುವ ಮಕ್ಕಳಿರುವ ತಂದೆತಾಯಿಗಳು, ಯಾವ ಶಿಖರವನ್ನು ಏರುತ್ತೀಯೆಂದು ಕೇಳುವ ಬದಲು, ಎಷ್ಟು ಹೊತ್ತಿಗೆ ಹಿಂದಿರುಗಬೇಕೆಂದು ಗೊತ್ತುಮಾಡಿಕೊಂಡಿದ್ದೀಯೆಂದು ಕೇಳಲಿ. ಶಿಖರವು ಮುಂದಿನ ವರ್ಷವೂ ಅಲ್ಲಿಯೇ ಇರುತ್ತದೆ.